ದಂಡೆಯ ಮೇಲೆ ಕೇಳದ ಪ್ರಶ್ನೆ

೧೯೪೬ರ ಬೇಸಿಗೆಯಲ್ಲಿ ನಾನು ನಮ್ಮ ಸಂಸ್ಥಾನದ ಕಾಮಗಾರಿ ಇಲಾಖೆಯಲ್ಲಿ ಕಿರಿಯ ಇಂಜಿನಿಯರ್ ಆಗಿದ್ದೆ. ಪುಣೆಯಲ್ಲಿ ಪದವಿ ಮುಗಿಸಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಬನಹಟ್ಟಿಯ ನೇಕಾರರ ಮನೆಯಲ್ಲಿ ಹುಟ್ಟಿದವನು. ಮಗ್ಗ ಗೊತ್ತಿತ್ತು, ಹೊಳೆ ಗೊತ್ತಿರಲಿಲ್ಲ.

ಕೃಷ್ಣೆಯನ್ನು ದಾಟಿ ಸಾವಳಗಿಯ ಕಡೆಗೆ ಹೋಗುವವರಿಗಾಗಿ ಇಲಾಖೆಯದೊಂದು ಹಳೆಯ ಮರದ ದೋಣಿಯಿತ್ತು. ಅದಕ್ಕೆ ಎರಡು ಔಟ್‌ಬೋರ್ಡ್ ಎಂಜಿನ್‌ಗಳು. ದೋಣಿಯ ಹಿಂಬದಿಯ ಹಲಗೆಗೆ ಹೊರಗಿನಿಂದ ಬಿಗಿಯುವ ಈ ಯಂತ್ರಗಳು ನೀರಿನಲ್ಲಿ ಮುಳುಗಿರುವ ಪಂಖವನ್ನು ತಿರುಗಿಸಿ ದೋಣಿಯನ್ನು ನೂಕುತ್ತವೆ. ಎರಡಕ್ಕೂ ವಯಸ್ಸಾಗಿತ್ತು. ಅವನ್ನು ಬದಲಿಸಬೇಕೇ, ಇನ್ನೊಂದು ಮಳೆಗಾಲ ದುಡಿಸಬೇಕೇ ಎಂದು ಪರೀಕ್ಷಿಸಿ ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಹೊರಡುವ ಮೊದಲೇ ನಮ್ಮ ಹಿರಿಯ ಅಧಿಕಾರಿಗಳು ತಮ್ಮ ಮನಸ್ಸನ್ನು ಹೇಳಿದ್ದರು. "ದೋಣೀನ ಮುದುಕ ಆಗೇತಿ. ಮುದುಕಗ ಹೊಸಾ ಹಲ್ಲು ಯಾಕೋ? ಹೊಸಾ ದೋಣಿ ಬಂದಾಗ ಎಲ್ಲಾ ಕೂಡೇ ನೋಡೂಣು." ಮಾತಿನಲ್ಲಿ ತರ್ಕವಿತ್ತು. ಹಳೆಯ ಹಲಗೆ ಹೊಸ ಎಂಜಿನ್ನಿನ ಭಾರವನ್ನು ತಾಳದೆಂಬುದು ನಿಜ. ಆದರೆ ಹೊಸ ದೋಣಿ ಎಂದು ಬರುತ್ತದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ದೋಣಿ ನಡೆಸುವ ಯಮನಪ್ಪ ಐವತ್ತರ ಆಸುಪಾಸಿನ, ಮಾತು ಕಡಿಮೆಯ ಮನುಷ್ಯ. ಅಂದು ಸೀರೆಯ ಗಂಟು ಹೊತ್ತ ನಮ್ಮೂರ ನೇಕಾರ ಶಿವಲಿಂಗಪ್ಪನೂ ದೋಣಿ ಏರಿದ್ದ. ನಡುಹೊಳೆಯಲ್ಲಿ ಎಡಗಡೆಯ ಎಂಜಿನ್ ಖೊಕ್ ಖೊಕ್ ಎಂದಿತು.

"ಯಮನಪ್ಪಾ, ನಿನ್ನ ಎಂಜಿನ್ ನಮ್ಮಜ್ಜನಂಗ ಕೆಮ್ಮತೈತಲೇ!" ಎಂದು ಶಿವಲಿಂಗಪ್ಪ ನಕ್ಕ.

"ಕೆಮ್ಮಿದ್ರೂ ದಂಡಿ ಮುಟ್ಟಸ್ತೈತಿ. ನೀ ಬಾಯಿ ಮುಚ್ಚಿ ಕುಂಡ್ರಲೇ," ಎಂದ ಯಮನಪ್ಪ. ಹಲಗೆಯನ್ನು ಮುಟ್ಟಿ ಆ ಕೈಯನ್ನು ಹಣೆಗೆ ಒತ್ತಿಕೊಂಡ. ನಾನು ಅದನ್ನು ನೋಡಿದೆ; ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳಲಿಲ್ಲ.

ಅಲ್ಲೇ, ದೋಣಿಯಲ್ಲೇ ನಿಂತು ಕೇಳಿದೆ: "ಖರೆ ಹೇಳು. ಈ ಎಂಜಿನ್ ಮಳಿಗಾಲ ತಡೀತಾವೇನು?"

ಅವನು ನನ್ನ ಮುಖ ನೋಡಲಿಲ್ಲ. "ನಡೀತಾವ್ರಿ, ಸಾಹೇಬ್ರ."

ಮರಳಿ ಬಂದು ದೋಣಿ ಕಟ್ಟಿದ ಮೇಲೆ, "ನಮ್ಮ ಗುಡಿಸಲಕ್ಕ ಬರ್ರಿ, ಒಂದೀಟು ಚಹಾ ಕುಡದು ಹೋಗ್ರಿ," ಎಂದ. ಸೈಕಲ್ ಏರಿದ್ದ ನಾನು, "ಇನ್ನೊಮ್ಮೆ ಬರ್ತೇನಿ," ಎಂದೆ. ಅವನು ಹ್ಯಾಂಡಲ್ ಹಿಡಿದು ಒಂದು ಗಳಿಗೆ ನಿಂತು, ಆಮೇಲೆ ಬಿಟ್ಟ.

ಬೇಸಿಗೆಯ ಶಾಂತ ನೀರಿನಲ್ಲಿ ಎರಡೂ ಎಂಜಿನ್‌ಗಳು ಹೋಗಿ ಬಂದಿದ್ದವು. "ಸುಸ್ಥಿತಿಯಲ್ಲಿವೆ, ಈ ಮಳೆಗಾಲಕ್ಕೆ ಮುಂದುವರಿಸಬಹುದು" ಎಂದು ಬರೆದೆ. ಅಧಿಕಾರಿಗಳು ಕೆಳಗೆ ಸಹಿ ಹಾಕಿದರು.

ಶ್ರಾವಣದಲ್ಲಿ ಹೊಳೆ ಕೆಂಪಾಗಿ ಉಕ್ಕಿತು. ಒಂದು ಮಧ್ಯಾಹ್ನ ನಡುಹೊಳೆಯಲ್ಲಿ ಎಡಗಡೆಯ ಎಂಜಿನ್ ನಿಂತಿತು. ತಂಪುನೀರು ಹಾಯುವ ಕೊಳವೆಯಲ್ಲಿ ರಾಡಿ ಕಟ್ಟಿ ಅದು ಕಾದು ಬಿಗಿದುಕೊಂಡಿತ್ತು. ಒಂದೇ ಎಂಜಿನ್ನಿನ ನೂಕಿಗೆ ದೋಣಿ ಅಡ್ಡ ತಿರುಗಿತು. ಆ ಹೊರೆಗೆ ಬಲಗಡೆಯದೂ ನಿಂತಿತು. ಪ್ರವಾಹ ದೋಣಿಯನ್ನು ಕೆಳಗೆ, ಅರ್ಧ ಮುಳುಗಿದ ಜಾಲಿಮರವೊಂದಕ್ಕೆ ಒಯ್ದು ಹೊಡೆಯಿತು. ಯಮನಪ್ಪ ಹಗ್ಗ ಎಸೆದು ಬಿಗಿದ. ಹನ್ನೊಂದು ಜನರನ್ನು ಒಬ್ಬೊಬ್ಬರನ್ನಾಗಿ ಮರಕ್ಕೆ ಹತ್ತಿಸಿದ. ಕೊನೆಗೆ ತಾನು ಹತ್ತುವಷ್ಟರಲ್ಲಿ ಹಗ್ಗ ಹರಿಯಿತು. ಮೂರನೆಯ ದಿನ ಅವನ ದೇಹ ಸಿಕ್ಕಿತು.

ವಿಚಾರಣೆಯ ಕಾಗದ ಬಂತು: "ನಾವಿಕನ ನಿಷ್ಕಾಳಜಿ." ಸತ್ತವನು ಉತ್ತರ ಕೊಡಲಾರ ಎಂಬುದೇ ಆ ತೀರ್ಮಾನಕ್ಕಿದ್ದ ಆಧಾರ. ನನ್ನ ವರದಿ ಎಲ್ಲಿ? ಸುಸ್ಥಿತಿ ಎಂದವರು ಯಾರು? ಆ ವರದಿಯನ್ನು ಕಡತಕ್ಕೆ ಸೇರಿಸಿ, ತಪ್ಪು ನನ್ನದೆಂದು ದಾಖಲಿಸಿ ಎಂದು ಬರೆದುಕೊಟ್ಟೆ.

ಅಧಿಕಾರಿಗಳು ಬಾಗಿಲು ಹಾಕಿಸಿದರು. "ನಿನ್ನ ಸಹಿ ಕೆಳಗ ನನ್ನ ಸಹೀನೂ ಐತಿ. ತಿಳೀತೇನು?"

"ತಿಳದಽ ಬರದೇನ್ರಿ."

ಕಡತಕ್ಕೆ ಆ ಕಾಗದ ಸೇರಲಿಲ್ಲ. ನನ್ನನ್ನು ರಸ್ತೆಯ ಕೆಲಸಕ್ಕೆ ವರ್ಗ ಮಾಡಿದರು. ಈಗ, ೧೯೪೮ರಲ್ಲಿ, ಸಂಸ್ಥಾನವೇ ಇಲ್ಲ; ಕಡತಗಳು ಗಂಟು ಕಟ್ಟಿಕೊಂಡು ಎಲ್ಲಿಗೋ ಹೋದವು. ಯಮನಪ್ಪನ ಹೆಸರಿನ ಮುಂದೆ "ನಿಷ್ಕಾಳಜಿ" ಎಂಬ ಮಾತು ಮಾತ್ರ ಹಾಗೆಯೇ ಉಳಿಯಿತು.

ವರ್ಗವಾಗಿ ಹೊರಡುವ ದಿನ ಅವನ ಹೆಂಡತಿ ಕಾಳವ್ವನ ಬಳಿ ಹೋಗಿದ್ದೆ. "ನಡೀತಾವ ಅಂತ ಅಂವನೇ ಹೇಳಿದ್ದ, ಅವ್ವಾ," ಎಂದೆ. ಅಂದೂ ನಾನು ಆಸರೆ ಹುಡುಕುತ್ತಿದ್ದೆ.

"ಎಲ್ಲಿ ಕೇಳಿದ್ರಿ?"

"ದೋಣ್ಯಾಗ."

"ಹೊಳ್ಯಾಗ ನಿಂತು ದೋಣೀಗಿ ಕೆಟ್ಟ ಅಂತಾರೇನ್ರಿ ಯಾರರ? ನಮ್ಮ ಮಂದಿ ಅನ್ನಂಗಿಲ್ಲ. ದಂಡಿ ಮ್ಯಾಲೆ ಕೇಳಬೇಕಿತ್ರಿ. ಹೇಳಬೇಕಂತನ ಚಹಾಕ ಕರದಿದ್ದ."

ಮಗ್ಗದ ಮೇಲೆ ಕುಳಿತಾಗ ಎಳೆ ಹರಿದರೆ, ಮಗ್ಗದ ಮುಂದೆ ಕೆಟ್ಟ ಮಾತು ಆಡಬಾರದೆಂದು ನನ್ನ ತಾಯಿ "ಹರೀತು" ಎನ್ನುತ್ತಿರಲಿಲ್ಲ, "ಹೆಚ್ಚಾತು" ಎನ್ನುತ್ತಿದ್ದಳು. ಆ ಮಾತು ಕೇಳುತ್ತಲೇ ಬೆಳೆದವನು ನಾನು. ಪದವಿ ಪಡೆದು ಬಂದ ಮೇಲೆ ಮಾತಿನ ಅರ್ಥ ಮಾತಿನಲ್ಲೇ ಇರುತ್ತದೆಂದು ನಂಬಿಬಿಟ್ಟಿದ್ದೆ.

ಇಂದು ನಾನು ಯಾವ ಯಂತ್ರವನ್ನು ಪರೀಕ್ಷಿಸಿದರೂ, ಅದನ್ನು ನಡೆಸುವವನನ್ನು ಅದರಿಂದ ದೂರ ಕರೆದೊಯ್ದು ಕೇಳುತ್ತೇನೆ. ಅವನು ಚಹಾಕ್ಕೆ ಕರೆದರೆ ಸೈಕಲ್ಲಿನಿಂದ ಇಳಿಯುತ್ತೇನೆ.