ಮೊಲ ಮುಗಿದ ಮೇಲೆ

ನಾನು ವಿಜಯಪುರದ ಒಂದು ಪ್ರಯೋಗಾಲಯದಲ್ಲಿ ಪಿಎಚ್.ಡಿ. ಮಾಡುತ್ತಿದ್ದಾಗ, ಬಬಲೇಶ್ವರದಲ್ಲಿದ್ದ ಅಪ್ಪ ಫೋನಿನಲ್ಲಿ ನನ್ನ ಆರೋಗ್ಯ ಕೇಳಿದ್ದು ನೆನಪಿಲ್ಲ. ಕೇಳುತ್ತಿದ್ದುದು ಒಂದೇ.

"ಮೊಲ ಹೆಂಗೈತಿ ಯವ್ವಾ?"

"ಆರಾಮ ಐತಿ ಯಪ್ಪಾ."

ನನ್ನ ಹತ್ತಿರ ಮೊಲವೇ ಇರಲಿಲ್ಲ. ಇದ್ದದ್ದು ಕಿರುಬೆರಳಿನಷ್ಟು ಪ್ಲಾಸ್ಟಿಕ್ ನಳಿಕೆ, ಅದರೊಳಗೆ ಒಂದಿಷ್ಟು ಹನಿ ಪ್ರತಿಕಾಯ. ಎಲ್ಲೋ ದೂರದ ಕಂಪನಿಯವರು ಒಂದು ಮೊಲಕ್ಕೆ ಕೆಟಲೇಸ್ ಎಂಬ ಕಿಣ್ವವನ್ನು ಚುಚ್ಚುತ್ತಾರೆ. ಇದು ನಮ್ಮದಲ್ಲ ಎಂದು ಮೊಲದ ಮೈ ಸಿಟ್ಟಿಗೆದ್ದು, ಅದನ್ನು ಹಿಡಿಯುವ ಪ್ರತಿಕಾಯಗಳನ್ನು ರಕ್ತದಲ್ಲಿ ಹುಟ್ಟಿಸುತ್ತದೆ. ಆ ರಕ್ತದಿಂದ ತೆಗೆದದ್ದು ನಮ್ಮ ನಳಿಕೆಗೆ ಬರುತ್ತದೆ. ಕಿಣ್ವ ಎಲ್ಲಿದ್ದರೂ ಅದು ಹೋಗಿ ಅಂಟಿಕೊಳ್ಳುತ್ತದೆ. ನಮಗೆ ಹಾಳೆಯ ಮೇಲೆ ಕಪ್ಪು ಗೆರೆ ಕಾಣುತ್ತದೆ. ಗೆರೆ ದಪ್ಪವಿದ್ದರೆ ಕಿಣ್ವ ಹೆಚ್ಚು, ತೆಳುವಿದ್ದರೆ ಕಡಿಮೆ. ಇಷ್ಟನ್ನೂ ಅಪ್ಪನಿಗೆ ಹೇಳಿದ್ದೆ. ಅಪ್ಪ ಮೊಲವನ್ನಷ್ಟೇ ಇಟ್ಟುಕೊಂಡಿದ್ದ.

ಬೇಸಿಗೆಯ ಬಿಸಿಲಿಗೆ ಆಡುಗಳ ಯಕೃತ್ತಿನಲ್ಲಿ ಈ ಕಿಣ್ವ ಇಳಿಯುತ್ತದೆಯೇ ಎಂಬುದು ನನ್ನ ಪ್ರಶ್ನೆ. ಚಳಿಗಾಲದಲ್ಲಿ ಟಿಕೋಟಾದ ಮಟನ್ ಅಂಗಡಿಯಿಂದ ತುಣುಕುಗಳನ್ನು ತಂದು ಪರೀಕ್ಷೆ ಮುಗಿಸಿದ್ದೆ. ಬೇಸಿಗೆಯವೂ ಫ್ರೀಜರ್ ಸೇರಿದವು. ಬಿಸಿಲಿನ ವಿಷಯದಲ್ಲಿ ನಮ್ಮ ಕಡೆ ಎಂದೂ ಕೊರತೆಯಾಗಿಲ್ಲ. ಅಷ್ಟರಲ್ಲಿ ನಳಿಕೆ ಖಾಲಿಯಾಯಿತು. ಮತ್ತೊಂದು ಕೇಳಿದರೆ, ಆ ಮೊಲ ಮುಗಿದಿದೆ, ಬೇರೆ ಮೊಲದ್ದು ಕಳಿಸುತ್ತೇವೆ ಎಂದು ಕಂಪನಿಯವರು ತಿಳಿಸಿದರು.

ಒಂದೊಂದು ಮೊಲದ ರಕ್ತ ಒಂದೊಂದು ಬಗೆ. ಹೊಸದು ನನ್ನ ಕಿಣ್ವವನ್ನು ಸರಿಯಾಗಿ ಹಿಡಿಯದೆಯೂ ಹೋಗಬಹುದು. ಗೈಡ್ ಮೇಡಂ ತಲೆ ಎತ್ತದೆ ಹೇಳಿದರು: "ಹಳೇ ಮೊಲದ ಚಳಿಗಾಲಾನ ಹೊಸಾ ಮೊಲದ ಬ್ಯಾಸಗಿ ಜೋಡಿ ಹಚ್ಚಿ ನೋಡಾಕ ಬರಂಗಿಲ್ಲ. ಎಲ್ಲಾ ಮೊದಲಿಂದ ಮಾಡ್ರಿ."

ಚಳಿಗಾಲದ ತುಣುಕುಗಳಲ್ಲಿ ಉಳಿದದ್ದು ಒಂದೇ ಸಲಕ್ಕೆ ಸಾಲುವಷ್ಟು. ಹೊಸ ಪ್ರತಿಕಾಯ ಕೈಕೊಟ್ಟರೆ ನನ್ನ ಪಿಎಚ್.ಡಿ. ಕಥೆ ಅಲ್ಲಿಗೇ ಮುಗಿಯುತ್ತಿತ್ತು. ನನಗೆ ನಿಜಕ್ಕೂ ಹೆದರಿಕೆಯಾಯಿತು. ಅಂದು ಫೋನಿನಲ್ಲಿ, "ಮೊಲ ಸತ್ತೈತಿ ಯಪ್ಪಾ. ಎಲ್ಲಾ ಬಿಟ್ಟ ಬರ್ತೀನಿ," ಎಂದು ಅತ್ತುಬಿಟ್ಟೆ.

ಮರುದಿನ ಬೆಳಿಗ್ಗೆ ಜಲನಗರದ ನನ್ನ ಬಾಡಿಗೆ ಕೋಣೆಯ ಮುಂದೆ ಅಪ್ಪ ನಿಂತಿದ್ದ. ಕೈಯಲ್ಲಿ ದ್ರಾಕ್ಷಿ ತುಂಬುವ ಕ್ರೇಟು, ಅದರೊಳಗೆ ಎರಡು ಬಿಳಿ ಮೊಲ. ಬಸ್ಸಿನಲ್ಲಿ ಕಂಡಕ್ಟರ್ ಅವಕ್ಕೂ ಟಿಕೆಟ್ ಕೊಟ್ಟಿದ್ದನಂತೆ, ಸೀಟು ಕೊಟ್ಟಿರಲಿಲ್ಲ.

"ಎತ್ತು ಸತ್ತರ ಒಕ್ಕಲುತನ ಬಿಡತಾರೇನು? ಎರಡ ತಂದೇನಿ. ಒಂದ ಹ್ವಾದ್ರ ಒಂದ ಇರತೈತಿ."

"ಇವಕ್ಕ ಕೆಟಲೇಸ್ ಅಂದ್ರ ಗೊತ್ತಿಲ್ಲ ಯಪ್ಪಾ."

"ಕಲಿಸು. ನಿನಗರ ಮೊದಲ ಏನ ಗೊತ್ತಿತ್ತು?"

ಕ್ರೇಟು ಹೊತ್ತು ಬಂದವನ ಎದುರು ಎಲ್ಲಾ ಬಿಟ್ಟು ಬರುತ್ತೇನೆ ಎನ್ನುವ ಧೈರ್ಯ ಆಗಲಿಲ್ಲ. ಬ್ಯಾಗಿಗೆ ತುಂಬಿದ್ದ ಬಟ್ಟೆಗಳನ್ನು ತೆಗೆದಿಟ್ಟೆ. ಮೊಲಗಳು ಮನೆ ಮಾಲಕಿ ಬೆಳೆಸಿದ್ದ ಮೆಂತ್ಯೆಯನ್ನೆಲ್ಲ ಮುಗಿಸಿದವು. ಆಕೆ ಬೈಯುತ್ತ ಬೈಯುತ್ತಲೇ ಅವಕ್ಕೆ ತಿನ್ನಲು ಗಜ್ಜರಿ ಹಾಕತೊಡಗಿದಳು.

ಹೊಸ ನಳಿಕೆ ಬಂತು. ಉಳಿದ ಚಳಿಗಾಲವನ್ನೂ ಬೇಸಿಗೆಯನ್ನೂ ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಇಟ್ಟೆ. ಮಧ್ಯಾಹ್ನದ ಹೊತ್ತಿಗೆ ಗೆರೆಗಳು ಎದ್ದವು. ಚಳಿಗಾಲದ್ದು ದಪ್ಪ, ಬೇಸಿಗೆಯದ್ದು ತೆಳು. ಮೇಡಂ ತಿರುಗಿಸಿ ತಿರುಗಿಸಿ ನೋಡಿ, "ಬರೀರಿ," ಎಂದರು. ಅವರ ಮಟ್ಟಿಗೆ ಅದು ಪೇಢೆ ಹಂಚಿದಂತೆ.

ಅಪ್ಪನಿಗೆ ಫೋನ್ ಮಾಡಿದೆ. ತೋಟದಲ್ಲಿದ್ದ, ಹಿಂದೆ ಬೋರಿನ ಮೋಟಾರು ಗುಂಯ್ಯೆನ್ನುತ್ತಿತ್ತು. ತೋಟಕ್ಕೆ ಕರೆಂಟು ಬರುವುದು ದಿನದಲ್ಲಿ ಕೆಲವೇ ತಾಸು. ಅದು ಇರುವಾಗ ನಮ್ಮಲ್ಲಿ ಯಾರೂ ಮೋಟಾರು ನಿಲ್ಲಿಸಿದವರಲ್ಲ. ಅಜ್ಜ ತೀರಿಕೊಂಡ ದಿನವೂ ಅದು ಓಡಿತ್ತು.

"ಗೆರಿ ಬಂತು ಯಪ್ಪಾ!" ಎಂದು ಕೂಗಿದೆ.

"ಕೇಳವಲ್ದು. ತಡಿ."

ಮೋಟಾರು ನಿಂತಿತು.

"ಹಾಂ, ಈಗ ಹೇಳು."