ಕೂಸು ಹೆಜ್ಜೆ ಇಡುವವರೆಗೆ

ನಾನು ಶಿರಗುಪ್ಪಿಯ ಹತ್ತಿರದ ಹಳ್ಳಿಗೆ ಸೊಸೆಯಾಗಿ ಬಂದದ್ದು ಎಂಬತ್ತರ ದಶಕದ ನಡುವೆ. ಕಬ್ಬು ಬೆಳೆಯುವ ಜೈನರ ಮನೆ. ಗಂಡ, ಅತ್ತೆ, ನಾನು, ಮೂವರೇ. ಅಕ್ಕಿ ಹಸನು ಮಾಡುವ ಕೆಲಸವನ್ನು ಅತ್ತೆ ಯಾರಿಗೂ ಬಿಡುತ್ತಿರಲಿಲ್ಲ. ಮೊರದಲ್ಲಿ ಹುಳು ಕಂಡರೆ ಬೆರಳ ತುದಿಯಲ್ಲಿ ಎತ್ತಿಕೊಂಡು ಹೋಗಿ ಹಿತ್ತಲಲ್ಲಿ ಬಿಟ್ಟು ಬರುತ್ತಿದ್ದರು. ಮೂರನೆಯ ವರ್ಷ, ಅವರೇ ಹಸನು ಮಾಡಿದ ಅಕ್ಕಿಯ ಅನ್ನದಲ್ಲಿ ಬೆಂದ ಹುಳು ಸಿಕ್ಕಿತು. ಗಂಡ ತಾಟು ಸರಿಸಿ ಎದ್ದುಬಿಟ್ಟರು. ಅತ್ತೆ ಅವತ್ತಿನಿಂದ ಮೊರ ಮುಟ್ಟಲಿಲ್ಲ.

ಚಿಕ್ಕೋಡಿಯ ಡಾಕ್ಟರು ಬ್ಯಾಟರಿ ಬಿಟ್ಟು ನೋಡಿ, ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದರು. “ಬಲಗಣ್ಣಂದು ಪೂರಾ ಬಲತೈತಿ. ಲಗೂನ ತಗಸ್ರಿ. ಆಮ್ಯಾಲ ಒಂದ್ ತಿಂಗಳ ಹೊಗಿ ತಾಕಬಾರದು, ಬಗ್ಗಬಾರದು.”

“ಕಬ್ಬ ಕಡ್ಯೂದು ಮುಗೀಲಿ,” ಎಂದರು ಗಂಡ, ಹಿಂದಿರುಗುವ ಬಸ್ಸಿನಲ್ಲಿ. ಕಟಾವು ಮುಗಿಯಿತು, ಮಾತು ಮರೆತುಹೋಯಿತು. ಅತ್ತೆಯೂ ನೆನಪಿಸಲಿಲ್ಲ. ಹಿಂದಿನ ಓಣಿಯ ಮುದುಕಿಯೊಬ್ಬಳಿಗೆ ಆಪರೇಷನ್ ಆದಮೇಲೂ ಕಣ್ಣು ಬಂದಿರಲಿಲ್ಲ. ಆ ಹೆದರಿಕೆ ಅವರ ಹೊಟ್ಟೆಯಲ್ಲಿತ್ತು. ಕೇಳಿದರೆ, “ನಂಗೇನ ಈಗ ಸಾಲೀಗಿ ಹೋಗೂದೈತೇನ?” ಎಂದು ನಗುತ್ತಿದ್ದರು. ಹಾಗೆ ಅನ್ನುವಾಗಲೂ ಒಂದು ಕೈ ಗೋಡೆಯ ಮೇಲಿರುತ್ತಿತ್ತು.

ಮರುವರ್ಷ ಕುಡಚಿಗೆ ಕೊಟ್ಟಿದ್ದ ನಾದಿನಿ ಬಂದಳು. ಅವ್ವನ ಸ್ಥಿತಿ ನೋಡಿ ಅತ್ತುಬಿಟ್ಟಳು.

“ಅಣ್ಣಾ, ಅವ್ವನ್ನ ನಾ ಕರಕೊಂಡ ಹೊಕ್ಕೀನಿ. ಕುಡಚ್ಯಾಗ ರೈಲ ಹತ್ತಿದ್ರ ಮಿರಜ ದವಾಖಾನಿ ಏನ ದೂರ? ತಿಂಗಳ ದಿನ ನಮ್ಮ ಮನ್ಯಾಗ ಇರ್ಲಿ.”

“ಮಗಾ ಇದ್ದೂ ಅಳ್ಯಾನ ಮನ್ಯಾಗ ಬಿದ್ಲು ಅಂತಾರ ಮಂದಿ,” ಎಂದರು ಗಂಡ. “ನಾ ಇನ್ನೂ ಸತ್ತಿಲ್ಲ.”

ನಾದಿನಿ ಉಣ್ಣದೆ ಹೊರಟು ಹೋದಳು. ಅತ್ತೆ ಬಾಗಿಲಲ್ಲಿ ನಿಂತು, ಮಗಳು ಹೋದ ಕಡೆಗಲ್ಲ, ಬೇರೆ ಕಡೆಗೆ ಮುಖ ಮಾಡಿ ಕೈಯೆತ್ತಿದರು.

ಇಲ್ಲಿಯವರೆಗಿನದನ್ನು ಹೇಳಿ, ಗಂಡನದೇ ತಪ್ಪು ಎನ್ನುತ್ತ ಬಂದಿದ್ದೇನೆ, ಬಹಳ ಜನರಿಗೆ. ಮುಂದಿನದನ್ನು ಹೇಳಿಲ್ಲ.

ನನಗೆ ಹೆಣ್ಣು ಕೂಸು ಹುಟ್ಟಿ ಐದು ತಿಂಗಳಾಗಿತ್ತು. ಕೂಸನ್ನು ಮುಖದ ಹತ್ತಿರ ಎತ್ತಿಕೊಂಡು, ಬೆರಳಿನಿಂದ ಅದರ ಮೂಗು, ಹುಬ್ಬು ಸವರುತ್ತಿದ್ದ ಅತ್ತೆ ಒಂದು ದಿನ ತಾವಾಗಿಯೇ, “ಇದರ ಮಾರಿ ನೋಡಬೇಕು. ಮಾಡ್ಸಕೊತೀನಿ,” ಎಂದರು. ಗಂಡ ಹೂಂ ಅಂದರು. ಅತ್ತೆ ಎರಡು ಸೀರೆ ಮಡಚಿ ಚೀಲಕ್ಕೆ ಹಾಕಿಕೊಂಡರು. ಹೊಲದಲ್ಲಿ ಆಳುಗಳು, ಒಲೆಯ ಮುಂದೆ ನಾನು; ತೊಟ್ಟಿಲು ತೂಗುವವರು ಅವರೊಬ್ಬರೇ.

“ಅತ್ತಿ, ಕೂಸು ಹೆಜ್ಜಿ ಇಡೂಮಟ ತಡೀರಿ,” ಎಂದೆ.

“ಆತು ಯವ್ವಾ,” ಎಂದು ಚೀಲದಿಂದ ಸೀರೆ ತೆಗೆದಿಟ್ಟರು. ಅಷ್ಟೇ.

ಕೂಸು ಹೆಜ್ಜೆ ಇಡುವ ಮೊದಲೇ ಬೇಸಿಗೆಯಲ್ಲಿ ಅವರ ಬಲಗಣ್ಣು ಕೆಂಡದಂತಾಯಿತು. ತಲೆ ಸಿಡಿಯುತ್ತದೆ ಎಂದು ಗೋಡೆಗೆ ಹಣೆ ಒತ್ತಿ ಕೂತರು, ವಾಂತಿ ಮಾಡಿಕೊಂಡರು. ಎದೆಹಾಲು ಹಿಂಡಿದರೆ ತಂಪಾಗುತ್ತದೆ ಎಂದು ನೆರೆಯವರು ಹೇಳಿದರು. ಮೂರು ದಿನ ನನ್ನ ಹಾಲನ್ನೇ ಆ ಕಣ್ಣಿಗೆ ಹಿಂಡಿದೆ. ನಾಲ್ಕನೆಯ ದಿನ ಮಿರಜಿಗೆ ಒಯ್ದೆವು. ಅಲ್ಲಿಯ ಡಾಕ್ಟರು ಮರಾಠಿಯಲ್ಲಿ, “ಫಾರ್ ಉಶೀರ್ ಝಾಲಾ, ಆಜಿ,” ಎಂದರು. ಬಹಳ ತಡವಾಯಿತು. ಪೊರೆ ಹಣ್ಣಾಗಿ ಕಣ್ಣೊಳಗೆ ಒತ್ತಡ ಏರಿತ್ತು. ಆ ಕಣ್ಣಿಗೆ ಇನ್ನು ಬೆಳಕಿಲ್ಲ. ಎಡಗಣ್ಣನ್ನಾದರೂ ಉಳಿಸಿಕೊಳ್ಳಿ ಎಂದರು.

“ಬ್ಯಾಡ್ರಿ,” ಎಂದರು ಅತ್ತೆ. “ಇನ್ನೊಂದರ ಸಲುವಾಗಿ ಯಾರ್ಗೂ ತ್ರಾಸ ಬ್ಯಾಡ.”

ನಾವಿಬ್ಬರೂ ಒತ್ತಾಯ ಮಾಡಲಿಲ್ಲ. ಎರಡು ವರ್ಷದಲ್ಲಿ ಅದೂ ಕತ್ತಲಾಯಿತು.

ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲ ಎಂಬುದು ಅತ್ತೆಯ ಹುಟ್ಟಿನಿಂದ ಬಂದ ನೇಮ. ಕಣ್ಣು ಹೋದಮೇಲೆ ದಿನಾ ಸಂಜೆ, “ಹೊತ್ತ ಐತೇನ ಯವ್ವಾ?” ಎಂದು ಕೇಳಿಯೇ ತಾಟಿಗೆ ಕೈ ಹಚ್ಚುತ್ತಿದ್ದರು. ಒಂದು ಸಂಜೆ ಹೊಲದಿಂದ ಬರುವುದು ನನಗೆ ತಡವಾಯಿತು. ಹಿಂದಿನ ದಿನ ಅವರು ಉಪವಾಸ. ಅವತ್ತೂ ಜ್ವರವೆಂದು ಏನೂ ತಿಂದಿರಲಿಲ್ಲ. ಬಿಸಿ ರೊಟ್ಟಿ ಮುಂದಿಟ್ಟೆ. ಕೇಳಿದರು.

“ಐತ್ರಿ ಅತ್ತಿ,” ಎಂದೆ.

ಎರಡನೆಯ ತುತ್ತು ಬಾಯಲ್ಲಿದ್ದಾಗ ಬಸದಿಯಲ್ಲಿ ದೀಪ ಹಚ್ಚಿದ ಮೇಲಿನ ಆರತಿಯ ಗಂಟೆ ಕೇಳಿಸಿತು. ಅತ್ತೆ ಅಗಿಯುವುದನ್ನು ನಿಲ್ಲಿಸಿ, ತುತ್ತನ್ನು ಅಂಗೈಗೆ ಉಗುಳಿದರು. ಕೈ ತೊಳೆಯಲು ನೀರು ಕೇಳಿದರು.

ಮರುದಿನದಿಂದ ಮಧ್ಯಾಹ್ನ ಒಂದೇ ಊಟ. ಯಾಕೆಂದು ನಾನು ಅಳುತ್ತ ಕೇಳಿದಾಗ ಹೇಳಿದರು: “ಮಧ್ಯಾನ ಬಿಸಲ ಮೈಗೆ ತಿಳೀತೈತಿ ಯವ್ವಾ. ಯಾರ್ನೂ ಕೇಳಬೇಕಾಗಿಲ್ಲ.”

ಆಮೇಲೆ ನಾಲ್ಕು ವರ್ಷ ಬದುಕಿದ್ದರು.