ಮೂರು ಲೋಟದ ಸಾಕ್ಷಿ

ತೆಲುಗು ಸೀಮಿಯ ಬಾಲಾನಗರದಾಗ ನನ್ನಂಥ ಲೇಥ್ ಕೆಲಸಗಾರ ಇನ್ನೊಬ್ಬ ಹುಟ್ಟಿಲ್ಲ. ಕಣ್ಣು ಮುಚ್ಚಿಕೊಂಡು ಕೂದಲಿಗೂ ತೂತು ಕೊರೀತಿದ್ದೆ! ಆದರ ಎರಡು ಖೋಲಿ ಮನಿ ಸಾಲದ ಬಡ್ಡಿ ನನ್ನನ್ನ ಕೊರಿಯಾಕತ್ತಿತ್ತು. ಕಮ್ಮಿ ಗಳಿಕಿಯವರ ಬಡ್ಡಿಯೊಳಗ ಒಂದು ಪಾಲು ಸರ್ಕಾರ ಕಟ್ಟತೈತಿ ಅಂತ ಕೇಳಿ ಅರ್ಜಿ ಹಾಕಿದೆ. ಅದು ಸಿಗಲಿಲ್ಲಂದ್ರ ಮನಿ ಮಾರೋದೇ ಗತಿ.

ವಿಚಾರಣೆಗೆ ಬ್ಯಾಂಕಿನಿಂದ ಒಬ್ಬ ತೆಲುಗು ಹುಡುಗಿ ಬರತಾಳ ಅಂದ್ರು. ಬೀಗರು ಬಂದಂಗಲ್ಲೇನ್ರಿ? ಓಣಿಯೆಲ್ಲಾ ತಿರುಗಿ ಕುರ್ಚಿ, ಟಿವಿ, ಸ್ಟೀಲ್ ಲೋಟ ಕಡ ತಂದು ಜೋಡಿಸಿದೆ.

ಆಕಿ ಸುತ್ತ ನೋಡಿ, ಕಾಕಾ ಅನ್ನೋ ಹಂಗ "ಬಾಬಾಯ್, ಇಷ್ಟೆಲ್ಲಾ ಇದ್ದವರಿಗೆ ಸರ್ಕಾರದ ಸಹಾಯ ಯಾಕ್ರಿ?" ಅಂದಳು. ಜೋಡಿಸಿದ್ದೇ ತಪ್ಪಾತು ಅಂತ ಆಗ ತಿಳೀತು. ಆದರೂ ಬಾಯಿ ಸುಮ್ಮನಿರಬೇಕಲ್ಲ! "ನಮ್ಮಪ್ಪ ಆನಿ ಸಾಕಿದ್ದರೀ," ಅಂದುಬಿಟ್ಟೆ. ಹೆಂಡತಿ ಹಣಿ ಬಡಕೊಂಡಳು.

ಹುಡುಗಿ ಚಾ ಕುಡಿದು ಲೋಟ ತಿರುವಿ ನೋಡಿದಳು. ನಮ್ಮಿಬ್ಬರ ಲೋಟಾನೂ ಇಸಗೊಂಡು ನೋಡಿದಳು. ಪಾತ್ರಿ ಮ್ಯಾಲ ಹೆಸರು ಕೊರಸೋದು ಎಲ್ಲರ ಮನ್ಯಾಗೂ ಇದ್ದದ್ದ. ಆದರ ತೆಲುಗು ಅಕ್ಷರ ನನಗೆಲ್ಲಿ ಬರಬೇಕು?

"ಮೂರು ಲೋಟಕ್ಕ ಮೂರು ಮನಿ ಹೆಸರು!" ಅಂತ ನಕ್ಕಳು. "ನಿಮ್ಮ ಹೆಸರಿನ ಲೋಟ ಎಲ್ಲೈತ್ರಿ?"

"ಇನ್ನೂ ಕೊಂಡಿಲ್ಲವ್ವಾ," ಅಂದಳು ನನ್ನ ಹೆಂಡತಿ.

ಹುಡುಗಿ ಸಹಾಯ ಕೊಡಬಹುದು ಅಂತ ಬರದು ನಮ್ಮ ಅರ್ಜಿಗೆ ಸಹಿ ಹಾಕಿದಳು. ಕೂದಲು ಕೊರದ ನನ್ನ ಕಣ್ಣಿಗೆ ಕಾಣದ್ದನ್ನ ಆಕಿ ಲೋಟದ ತಳದಾಗ ಕಂಡಳು ನೋಡ್ರಿ!

ಆ ಮೂರರಾಗ ಒಂದು ಲೋಟ ನಮ್ಮಲ್ಲೇ ಉಳದೈತಿ. ಯಾರದಂತ ಓದಾಕ ಬರಬೇಕಲ್ರಿ.